ರತ್ನಮ್ಮ ನೋಡುತ್ತಿದ್ದ ಬೆನ್ನು

ಮೊನ್ನೆ ಪ್ಯಾಂಟಿನ ಸೊಂಟದ ಹೊಲಿಗೆ ಬಿಡಿಸಲೆಂದು ಯಲಹಂಕದ ಟೈಲರ್ ಅಂಗಡಿಗೆ ಹೋಗಿದ್ದೆ. ನನ್ನ ವಯಸ್ಸಿನಲ್ಲಿ ಬೆಳೆಯುವುದು ಅದೊಂದೇ ನೋಡಿ. ಅಲ್ಲಿನ ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಸೂಪರ್‌ವೈಸರ್ ಆಗಿದ್ದ ಯಶವಂತಪುರದ ಗಾರ್ಮೆಂಟ್ಸ್ ನೆನಪಾಯಿತು. ಮೆಟ್ರೊ ಇನ್ನೂ ಅತ್ತ ಬಂದಿರದ ಕಾಲ.

ಅಷ್ಟೊಂದು ಮೆಷಿನ್ ಒಟ್ಟಿಗೆ ಓಡುವ ಹಾಲ್‌ನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹೆಂಗಸರು ಹುಬ್ಬಿನಲ್ಲೇ ಜಗಳವಾಡಿ ತುಟಿಯಲ್ಲೇ ರಾಜಿಯಾಗುತ್ತಿದ್ದರು. ಮಾತಿಲ್ಲದೆ ಮನಸ್ಸು ತಿಳಿಯುವುದು ಹೇಗೆಂದು ನಮ್ಮಂಥ ಸೂಪರ್‌ವೈಸರ್‌ಗಳಿಗೆ ಒಂದು ದಿನದ ತರಬೇತಿಯೂ ಆಗಿತ್ತು. ನೋಟ, ನಗು, ನಿಲುವು, ಅಂತರ, ಸ್ಪರ್ಶ ಎಂದೆಲ್ಲ ಬರೆದುಕೊಂಡು, ಸರ್ಟಿಫಿಕೇಟು ಹಿಡಿದು ಫೋಟೊ ತೆಗೆಸಿಕೊಂಡಿದ್ದೆ.

ಒಡಿಶಾದಿಂದ ಬಂದಿದ್ದ ಸಬಿತಾ ಎಂಬ ಹುಡುಗಿಗೆ ದಾರ, ಊಟ, ಸಾರ್ ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಅವಳ ಹಿಂದಿನ ಮೆಷಿನ್ ಯಲಹಂಕ ಹತ್ತಿರದ ಕೋಗಿಲು ಊರಿನ ರತ್ನಮ್ಮನವರದು. ಒಂದು ಬೆಳಿಗ್ಗೆ ನಾನು ಹೆಬ್ಬೆರಳೆತ್ತಿ "ಸರಿಯಾ?" ಎಂದೆ. ಸಬಿತಾ ನಕ್ಕು ತಲೆಯಾಡಿಸಿದಳು. ನಿಶ್ಚಿಂತೆಯಿಂದ ಮುಂದೆ ಹೋದೆ.

ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ರತ್ನಮ್ಮ ಮೆಷಿನ್ ನಿಲ್ಲಿಸಿ ಎದ್ದಿದ್ದರು. ಹುಡುಗಿಯ ಬೆನ್ನ ಮೇಲೆ ಅಂಗೈ ಇಟ್ಟರು, ಅಷ್ಟೆ. ಸಬಿತಾ ಅವರ ಸೆರಗಿಗೆ ಮುಖವೊತ್ತಿ ಅತ್ತುಬಿಟ್ಟಳು.

ಅವಳನ್ನು ಹಾಲ್‌ನಿಂದ ಹೊರಗೆ ಕರೆದೊಯ್ದು, ಹಿಂದಿ ಬಲ್ಲ ಮೆಕ್ಯಾನಿಕ್ ಬಂದು ಕೇಳಿದಾಗ ವಿಷಯ ತಿಳಿಯಿತು. ಊರಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಬೆಳಿಗ್ಗೆಯೇ ಫೋನ್ ಬಂದಿತ್ತು. ಯಾರಿಗೆ, ಯಾವ ಭಾಷೆಯಲ್ಲಿ ಹೇಳುವುದೆಂದು ತೋಚದೆ ಕೆಲಸಕ್ಕೆ ಬಂದು ಕೂತಿದ್ದಳು.

"ರತ್ನಮ್ಮ, ಅವಳು ನಗ್ತಾ ಇದ್ಳಲ್ಲ, ನಿಮಗೆ ಹೆಂಗ್ ಗೊತ್ತಾಯ್ತು?" ಎಂದು ಕೇಳಿದೆ.

"ಮುಖ ನಿಮಗ್ ತೋರ್ಸಕ್ಕೆ ಸಾರ್. ನಂಗೆ ದಿನಾ ಕಾಣೋದು ಅವಳ ಬೆನ್ನೇ. ಇವತ್ತು ಇಂಗೆ ಉಸ್ರು ಬಿಗಿ ಇಡ್ಕಂಡು ಕೂತಿದ್ಲು."

ಸಬಿತಾಗೆ ರಜೆ ಬರೆಸಿ, ಸಂಜೆ ರತ್ನಮ್ಮನೂ ನಾನೂ ಅವಳನ್ನು ರೈಲು ಹತ್ತಿಸಲು ಹೋದೆವು. ಕಿಟಕಿಯ ಸರಳುಗಳ ನಡುವೆ ಆ ಇಬ್ಬರ ಬೆರಳು ಹೆಣೆದುಕೊಂಡಿದ್ದವು. ಊಟ ಬಿಡಬೇಡ ಎನ್ನಲು ರತ್ನಮ್ಮ ಅನ್ನ ಕಲಸುವಂತೆ ಕೈಯಾಡಿಸಿ ಬಾಯಿ ತೋರಿಸಿದರು. ಸಬಿತಾ ತಲೆಯಾಡಿಸಿದಳು. ರತ್ನಮ್ಮ ನಂಬದೆ ಕಣ್ಣರಳಿಸಿದರು. ಹುಡುಗಿ ಮತ್ತೊಮ್ಮೆ, ಈ ಸಲ ನಿಜವಾಗಿ, ತಲೆಯಾಡಿಸಿದಳು. ಎರಡರ ವ್ಯತ್ಯಾಸ ಅಂದು ನನಗೂ ಕಂಡಿತು. ತಿಂಗಳ ಮೇಲೆ ಅವಳು ವಾಪಸು ಬಂದಳು, ರತ್ನಮ್ಮನ ಮುಂದಿನ ಮೆಷಿನ್ನಿಗೇ.

ಮೊನ್ನೆ ಅಂಗಡಿಯಿಂದ ಮನೆಗೆ ಬಂದಾಗ ಮಗಳು ಪುಸ್ತಕ ಹಿಡಿದು ನೆಲದ ಮೇಲೆ ಕೂತಿದ್ದಳು.

"ಏನ್ ಪುಟ್ಟಾ, ಎಲ್ಲಾ ಸರಿನಾ?"

"ಹೂಂ ಅಪ್ಪ, ಏನಿಲ್ಲ."

ಪುಟ ಮಾತ್ರ ಮಗುಚುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಟಿವಿ ಹಾಕುತ್ತಿದ್ದೆನೇನೋ. ಅವಳ ಪಕ್ಕದಲ್ಲಿ ಸುಮ್ಮನೆ ಕೂತೆ. ಬಹಳ ಹೊತ್ತಾದ ಮೇಲೆ ಅವಳ ತಲೆ ನನ್ನ ಭುಜಕ್ಕೆ ಬಂದು ಒರಗಿತು.