ನಲವತ್ತು ಶೇರಿನ ಮಾಲೀಕ

ಪಂಪು ಕಾರ್ಖಾನೆಯ ಗೋಡೆ ಎದ್ದಾಗ ಇಟ್ಟಿಗೆ ಹೊತ್ತವನು ನಮ್ಮ ಫಿಟ್ಟರಣ್ಣನ ತಾತ. ಅದೇ ಗೋಡೆಯ ಗೇಟಿನಲ್ಲಿ ಮೂವತ್ತು ವರ್ಷ ನಿಂತು ಮಾಲೀಕರ ಕಾರಿಗೆ ಸಲಾಮು ಹೊಡೆದವನು ಅವನಪ್ಪ. ಅಂಥ ವಂಶದವನಿಗೆ, ಇಪ್ಪತ್ತು ವರ್ಷ ದುಡಿದವರಿಗೆಂದು ಕಂಪನಿ ಹಂಚಿದ ಶೇರುಗಳಲ್ಲಿ ನಲವತ್ತು ಬಂದದ್ದೇ ತಡ, ಕಾಲು ನೆಲಕ್ಕೆ ತಾಗಲಿಲ್ಲ. ಅಂದಿನಿಂದ ಕಾರ್ಖಾನೆಯಲ್ಲಿ ಇರುವುದೆಲ್ಲ ‘ನಮ್ಮದು’. ಮ್ಯಾನೇಜರು ಕುರ್ಚಿಯಲ್ಲಿ ಕೂತಿರುವಾಗಲೇ ಫ್ಯಾನು ಆರಿಸಿ, “ನಮ್ಮ ಕರೆಂಟು ಸಾಹೇಬ್ರೇ, ಕಿಟಕಿ ತೆಗೀರಿ,” ಅನ್ನುತ್ತಾನೆ. ಬಿದ್ದ ವಾಷರುಗಳನ್ನು ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕುತ್ತಾನೆ. “ಮನೇಲಿ ನಲ್ಲಿ ಸೋರೋಕೆ ಶುರುವಾಗಿ ಆರು ತಿಂಗಳಾಯ್ತು, ಆ ನಲ್ಲೀಲೂ ನಿಮಗೆ ನಾಲ್ಕು ಶೇರು ಬರೆದುಕೊಡ್ಲಾ?” ಎಂದು ಹೆಂಡತಿ ಚುಚ್ಚಿದರೆ ಮೀಸೆಯೊಳಗೇ ನಗುತ್ತಾನೆ. ಇಷ್ಟು ಜಂಬದವನು ಗೇಟಿನ ಹತ್ತಿರ ಮಾತ್ರ ಮೆತ್ತಗಾಗುತ್ತಾನೆ. ವಾಚ್‌ಮನ್ ಕೈ ಎತ್ತುವ ಮೊದಲೇ ತಾನೇ ಸಲಾಮು ಹೊಡೆದು ಒಳಗೆ ಹೋಗುತ್ತಾನೆ. ಕೆಲಸ ಬಿಟ್ಟವರ ಶೇರು ಕಂಪನಿಗೇ ವಾಪಸು ಎಂಬುದು ಕರಾರು. ಇವತ್ತು ಅವನ ನಿವೃತ್ತಿ. ಸಾಯಂಕಾಲ ಐದಕ್ಕೆ ಕೆಲಸದ ಜೊತೆ ಮಾಲೀಕತನವೂ ಮುಗಿಯುತ್ತದೆ. ಬೀಳ್ಕೊಡುವವರೆಲ್ಲ ಆಫೀಸಿನಲ್ಲಿ ಕಾಯುತ್ತಿದ್ದರೆ ಇವನು ಷೆಡ್ಡಿನಲ್ಲಿ ಬೆನ್ನು ಬಗ್ಗಿಸಿ ಕಬ್ಬಿಣದ ಚೂರು ಗುಡಿಸುತ್ತಿದ್ದಾನೆ. “ಇವತ್ತಾದ್ರೂ ಬಿಡಣ್ಣ, ಸೊಂಟ ಹಿಡ್ಕೊಳ್ಳುತ್ತೆ, ಇಲ್ಲಿ ಕೊಡು,” ಎಂದು ಪ್ಯಾಕಿಂಗಿನ ಹೆಂಗಸು ಪೊರಕೆಗೆ ಕೈ ಹಾಕಿದಳು. ಅವನು ಪೊರಕೆ ಬಿಡಲಿಲ್ಲ. “ಬೇಡ ತಂಗಿ. ಇನ್ನೂ ನಾಲ್ಕೂವರೆ. ಐದರವರೆಗೆ ಇದು ನಮ್ಮನೆ, ನಮ್ಮನೆ ಕಸ ನಾನೇ ತೆಗೀತೀನಿ.”