ಮುಖವಾಡದವನಿಗೆ ತಾಯಿ ಇರಬಾರದು

ನಡುವಯಸ್ಸು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ವೇದಾಂತ ಬರುತ್ತದೆ. ನನಗೆ ಕಾಮಿಕ್ಸ್ ಬಂತು. ಹಾರುವವರು, ಗೋಡೆ ಒಡೆಯುವವರು, ಕಣ್ಣಿನ ಸುತ್ತ ಮಾತ್ರ ಮುಚ್ಚಿಕೊಂಡು ಇಡೀ ಊರಿನ ಕಣ್ಣಿಗೆ ಮಣ್ಣೆರಚುವವರು, ಇವರ ಬಗ್ಗೆ ನಾನು ಬಾಯಿ ತೆರೆದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಕಾಗದ ಹಾಗೆ ಎದ್ದು ಹೋಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅದು ಅದಿರಿನ ಕಾಲ. ಬಳ್ಳಾರಿಯ ಗಾಂಧಿನಗರದಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಕಲಿಯುವವರು ಕಂಪ್ಯೂಟರ್ ಕಡೆ ಹೋಗಿ, ನಾನು ಮತ್ತು ಯಂತ್ರಗಳು ಮುಖ ಮುಖ ನೋಡಿಕೊಂಡು ಕೂರುತ್ತಿದ್ದೆವು. ಊರಿನಲ್ಲಿ ಹಳೆಯ ಮನೆಗಳನ್ನು ಕೆಡವಿ ಅರಮನೆ ಕಟ್ಟುತ್ತಿದ್ದರು. ಕೆಡವುವ ಮುಂಚೆ ಮನೆಯ ಹಳೆ ಸಾಮಾನು ಹೊರಗೆ ಬೀಳುತ್ತಿತ್ತು, ಅದರಲ್ಲಿ ಮಕ್ಕಳು ಓದಿ ಬಿಸಾಕಿದ ಇಂಗ್ಲಿಷ್ ಕಾಮಿಕ್ಸ್ ಚೀಲಗಟ್ಟಲೆ ಇರುತ್ತಿದ್ದವು. ಅವೆಲ್ಲ ಬ್ರೂಸ್‌ಪೇಟೆಯ ರದ್ದಿ ಅಂಗಡಿಗೆ ಬಂದು ತಕ್ಕಡಿ ಹತ್ತುತ್ತಿದ್ದವು. ನಮ್ಮ ಗುಡ್ಡಗಳು ಪುಡಿಯಾಗಿ ಹಡಗು ಹತ್ತಿ ಹೋದವು. ಬದಲಿಗೆ ಊರಿಗೆ ಬಂದ ಭಾಗ್ಯದಲ್ಲಿ ನನ್ನ ಪಾಲಿಗೆ ದಕ್ಕಿದ್ದು ಇಷ್ಟು. ನನಗೆ ದೂರಿಲ್ಲ.

ರದ್ದಿ ಅಂಗಡಿಯ ಪಕ್ಕದಲ್ಲೇ ಒಬ್ಬ ಟೇಲರ್. ಸಿರುಗುಪ್ಪದ ಸಾಬರ ಮನೆಯವನು, ನನಗಿಂತ ಚಿಕ್ಕವನು, ಹೊಟ್ಟೆ ಮಾತ್ರ ನನಗಿಂತ ಹಿರಿದು. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ಗುರುಗಳು ಎನ್ನುತ್ತಿದ್ದ. ನಾನು ಕಾಮಿಕ್ಸ್ ಕೊಂಡು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಿ ಹೇಳುತ್ತಿದ್ದೆ, ಅವನು ಹೊಲಿಗೆ ನಿಲ್ಲಿಸಿ ಚಿತ್ರ ನೋಡುತ್ತಿದ್ದ. ಮೊದಲ ದಿನವೇ ಒಂದು ಪುಟವನ್ನು ಕಣ್ಣಿಗೆ ಹಿಡಿದುಕೊಂಡು ಬಹಳ ಹೊತ್ತು ಹುಡುಕಿದ.

"ಗುರುಗಳ, ಇದರ ಹೊಲಿಗಿ ಎಲ್ಲೈತ್ರಿ?"

ನಾನೂ ನೋಡಿದೆ. ಹೊಲಿಗೆ ಇರಲಿಲ್ಲ. ಗುಂಡಿ, ಕಾಜ, ಜಿಪ್ಪು ಏನೂ ಇರಲಿಲ್ಲ. ಇಂಥ ಅಂಗಿ ತೊಟ್ಟವನು ಮನುಷ್ಯನಾಗಿರಲು ಸಾಧ್ಯವಿಲ್ಲ ಎಂದು ಭಾಯಿ ಅಲ್ಲೇ ತೀರ್ಪು ಕೊಟ್ಟ. ಬೆನ್ನ ಹಿಂದೆ ಹಾರಾಡುವ ಆ ದೊಡ್ಡ ಬಟ್ಟೆಗೂ ಅವನ ಬಳಿ ಉತ್ತರವಿತ್ತು. ಮೈ ಮೇಲೆ ಕೆಲಸಕ್ಕೆ ಬಾರದ ಬಟ್ಟೆ ಎಷ್ಟು ಹೆಚ್ಚೋ ಮರ್ಯಾದೆ ಅಷ್ಟು ಹೆಚ್ಚು, ಸನ್ಮಾನದ ಶಾಲು ಇದ್ದ ಹಾಗೆ. ನಾನು ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಕಟ್ಟಿದ ಸಿದ್ಧಾಂತಗಳೂ ಇದಕ್ಕಿಂತ ಮೇಲಲ್ಲ. ಆದರೂ ನಾವು ನಗುತ್ತಿರಲಿಲ್ಲ. ನಮಗೆ ಅದು ಶಾಸ್ತ್ರ.

ಒಂದು ಪುಟ ಇಂದಿಗೂ ನನ್ನ ಬಳಿ ಇದೆ. ಇಡೀ ಪುಟಕ್ಕೆ ಒಂದೇ ಚಿತ್ರ. ಕೆಳಗೆ ದೊಡ್ಡ ಊರು, ಮೇಲೆ ಗಾಳಿಯಲ್ಲಿ ಕೈ ಚಾಚಿ ನಿಂತ ಒಬ್ಬನೇ ಮನುಷ್ಯ. ಊರಿನಲ್ಲಿ ಯಾರು ಎಲ್ಲಿ ಅತ್ತರೂ ಅವನಿಗೆ ಕೇಳಿಸುತ್ತದಂತೆ. ಆ ಕಾಲದಲ್ಲಿ ನಮ್ಮ ಆಕಾಶದಲ್ಲೂ ಮನುಷ್ಯರು ಹಾರುತ್ತಿದ್ದರು. ಗಣಿಯವರ ಹೆಲಿಕಾಪ್ಟರ್ ಹೋದರೆ ಬ್ರೂಸ್‌ಪೇಟೆ ಇಡೀ ತಕ್ಕಡಿ, ಕತ್ತರಿ ಬಿಟ್ಟು ಕತ್ತೆತ್ತುತ್ತಿತ್ತು. ಭಾಯಿಯೂ ಎತ್ತುತ್ತಿದ್ದ, ಮತ್ತೆ ಮಿಷನ್ ತುಳಿಯುತ್ತ ಹೇಳುತ್ತಿದ್ದ: "ಆ ರೆಕ್ಕಿ ಸಪ್ಪಳದಾಗ ಕುಂತವಂಗ ಕೆಳಗಿನ ಅಳು ಎಲ್ಲಿ ಕೇಳ್ಸತೈತ್ರಿ."

ನಮ್ಮೊಳಗೆ ಎಂದೂ ಬಗೆಹರಿಯದ ವ್ಯಾಜ್ಯ ಮುಖವಾಡದ್ದು. ಕಣ್ಣಿನ ಸುತ್ತ ಅಂಗೈಯಗಲದ ಬಟ್ಟೆ ಕಟ್ಟಿದರೆ ಪರಿಚಯದವರು ಗುರುತು ಹಿಡಿಯುವುದಿಲ್ಲವೇ? ಹಿಡಿಯುವುದಿಲ್ಲ ಎಂಬುದು ನನ್ನ ಪಕ್ಷ. ನನ್ನ ಬಳಿ ಪ್ರಮಾಣವೂ ಇತ್ತು. ಕೆಂಧೂಳಿಗೆ ಆಗ ಬಳ್ಳಾರಿಯೆಲ್ಲ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡುತ್ತಿತ್ತು. ಹಾಗೆ ಕಟ್ಟಿಕೊಂಡಿದ್ದ ಒಬ್ಬರನ್ನು ನನ್ನ ಭಾವನೆಂದು ತಿಳಿದು ನಡುರಸ್ತೆಯಲ್ಲಿ ನಿಲ್ಲಿಸಿ, ಮಗಳಿಗೆ ಬಂದ ಸಂಬಂಧದ ವಿಚಾರವನ್ನೆಲ್ಲ ಬಿಚ್ಚಿಟ್ಟಿದ್ದೆ. ಅವರು ಯಾರೋ ಅಪರಿಚಿತರು. ಆದರೆ ಕೊಟ್ಟ ಸಲಹೆ ಚೆನ್ನಾಗಿತ್ತು.

"ನೀವು ಹಿಡಿಯಂಗಿಲ್ಲ ಬಿಡ್ರಿ," ಎಂದ ಭಾಯಿ. "ತಾಯಿ ಹಿಡೀತಾಳ. ಯಾವ ಪುಸ್ತಕ ತೆಗದ್ರೂ ಇವರು ತಬ್ಬಲಿಗಳು ನೋಡ್ರಿ. ಯಾಕಂತೀರಿ?"

"ದುಃಖದಿಂದ ಶಕ್ತಿ ಬರ್ತದಂತ, ಭಾಯಿ."

"ಶಕ್ತಿನೂ ಇಲ್ಲ, ಸುಡಗಾಡೂ ಇಲ್ಲ. ತಾಯಿ ಇದ್ರ ಈ ದಂಧೆ ಒಂದು ದಿನ ನಡೆಯಂಗಿಲ್ಲ. ಮುಖ ಮುಚ್ಕೊಂಡು ಮನಿ ಮುಂದ ಹಾದ್ರ, ಎಲ್ಲಿಗ್ಹೊಂಟೀಯಲೇ, ಉಂಡು ಹೋಗು ಅಂತಾಳ. ಊರಿಗೇ ಗೊತ್ತಾಗತೈತಿ."

ಈ ಸಿದ್ಧಾಂತಕ್ಕೆ ನಾನು ಉತ್ತರ ಹುಡುಕುತ್ತಿರುವಾಗಲೇ ಅವನ ತಾಯಿ ಸಿರುಗುಪ್ಪದ ಮನೆಯಲ್ಲಿ ಬಚ್ಚಲಕಲ್ಲಿನ ಮೇಲೆ ಜಾರಿ ಬಿದ್ದು ತೊಡೆ ಮುರಿದುಕೊಂಡಳು. ಬಳ್ಳಾರಿಯಲ್ಲಿ ಮೂಳೆ ಕೂಡಿಸಿದರು. ಕೂಡಿತು. ಡಾಕ್ಟರು ನಡೆಯಿರಿ ಎಂದರು. ಮುದುಕಿ ಎದ್ದು ನಿಂತಳು, ಏನೋ ನೆನಪಾಗಿ ಮತ್ತೆ ಕೂತಳು.

ನೆನಪಾದದ್ದು ಹರಕೆ. ನೋವಿನ ಭರದಲ್ಲಿ ಅವಳು ತನ್ನ ತವರು ಕುರುಗೋಡಿನ ಪೀರಲ ದೇವರಿಗೆ, ಕಾಲು ಬಂದರೆ ಮೊಹರಮ್ಮಿಗೆ ಹುಲಿ ಕುಣಿಸುತ್ತೇನೆ ಎಂದು ಬೇಡಿಕೊಂಡಿದ್ದಳು. ನಮ್ಮ ಕಡೆ ಮೊಹರಮ್ಮಿನಲ್ಲಿ ಹಿಂದೂಗಳಿರಲಿ ಮುಸಲ್ಮಾನರಿರಲಿ ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹುಲಿಯಾಗುತ್ತಾರೆ. ಬೇಡಿಕೊಂಡದ್ದು ತಾಯಿ, ಹುಲಿಯಾಗಬೇಕಾದದ್ದು ಮಗ. ಅವನನ್ನು ಯಾರೂ ಕೇಳಿರಲಿಲ್ಲ.

"ಹರಕಿ ತೀರೋಮಟ ಈ ಕಾಲು ದೇವರದು," ಎಂದಳು ಅವಳು, ನಾವು ನೋಡಲು ಹೋದಾಗ. "ದೇವರ ಸಾಮಾನು ಬಳಸಬಾರದಪ್ಪ."

ಹೀಗೇ ಕೂತರೆ ಕಾಲು ಬಿಗಿದು ಇನ್ನೆಂದೂ ನಡೆಯುವಂತಿಲ್ಲ ಎಂದು ಡಾಕ್ಟರು ಮಗನಿಗೆ ಹೇಳಿದ್ದರು. ಮಗ ತಾಯಿಗೆ ಹೇಳಿದ. ತಾಯಿ ದೇವರಿಗೆ ಹೇಳು ಎಂದಳು. ಮೊಹರಮ್ ಇನ್ನೂ ಕೆಲವು ವಾರ ದೂರವಿತ್ತು. ಅಷ್ಟು ದಿನವೂ ಅವಳು ಮಂಚ ಬಿಟ್ಟು ಇಳಿಯಲಿಲ್ಲ. ಅಂಗಡಿಯಲ್ಲಿ ಕಾಮಿಕ್ಸ್ ಮುಚ್ಚಿಯೇ ಇರುತ್ತಿತ್ತು.

ಆಗ ಭಾಯಿ ಒಬ್ಬ ಟೇಲರ್ ಮಾತ್ರ ಮಾಡಬಲ್ಲ ತಪ್ಪನ್ನು ಮಾಡಿದ. ಹುಲಿಯನ್ನು ಹೊಲಿದ. ಹಳದಿ ಮಖಮಲ್ಲು, ಕಪ್ಪು ಪಟ್ಟೆ, ಕತ್ತಿನಿಂದ ಹಿಮ್ಮಡಿಯವರೆಗೆ ಒಂದೇ ಅಂಗಿ, ಮೈಗೆ ಬಿಗಿಯಾಗಿ. ಹೊಲಿಗೆ ಎಲ್ಲೂ ಕಾಣಬಾರದೆಂದು ಪಟ್ಟೆಗಳ ಅಡಿಯಲ್ಲಿ ಅಡಗಿಸಿದ್ದ. ಕಣ್ಣಿಗೆ ಮುಖವಾಡವೂ ಇತ್ತು. ನಾನು ನೋಡಿ ಬೆರಗಾಗಿ ನಿಂತುಬಿಟ್ಟೆ. ನಮ್ಮ ಪುಟದಿಂದ ಒಬ್ಬ ಇಳಿದು ಬ್ರೂಸ್‌ಪೇಟೆಯ ಟ್ಯೂಬ್‌ಲೈಟಿನ ಕೆಳಗೆ ನಿಂತ ಹಾಗಿತ್ತು, ಸ್ವಲ್ಪ ಹೊಟ್ಟೆ ಇತ್ತು ಅಷ್ಟೆ.

ಹಬ್ಬದ ದಿನ ಬೆಳಗ್ಗೆ ಸಿರುಗುಪ್ಪದಲ್ಲಿ ತಾಯಿಯನ್ನು ಮೂರು ಗಾಲಿಯ ಒಂದು ಟಂಟಂ ಗಾಡಿಯಲ್ಲಿ ಎತ್ತಿ ಕೂರಿಸಿ, ಗದ್ದೆಗಳ ನಡುವೆ ತೆಕ್ಕಲಕೋಟೆ ದಾಟಿಕೊಂಡು ಕುರುಗೋಡಿಗೆ ಬಂದೆವು. ದೇವರುಗಳನ್ನು ಕೂರಿಸುವ ಮಕಾನದ ಮುಂದೆ ಅದನ್ನು ನೋಡಿಕೊಳ್ಳುವ ಮುಜಾವರ ಸಾಹೇಬರು ಕೂತಿದ್ದರು. ಭಾಯಿ ಅಂಗಿಯನ್ನು ಅವರ ಮುಂದೆ ಹಾಸಿದ. ಅವರು ಮಖಮಲ್ಲು ಸವರಿದರು, ಹೊಲಿಗೆ ಹುಡುಕಿದರು, ಸಿಗದೆ ತಲೆದೂಗಿದರು.

"ಕೆಲಸ ಚೊಲೊ ಮಾಡೀಯಪ್ಪ. ಆದ್ರ ಹರಕಿ ಹೊತ್ತದ್ದು ಅಂಗಿ ಅಲ್ಲ."

"ಹುಲಿ ಹಂಗ ಐತಲ್ರಿ, ಸಾಹೇಬ್ರ."

"ಬ್ಯಾಸರಾದ್ರ ಬಿಚ್ಚಿ ಇಡಬಹುದಲ್ಲ. ಬಿಚ್ಚಿದ್ರ ಹೋಗೋದು ಹರಕಿ ಹೆಂಗಾತು? ಚರ್ಮಕ್ಕ ಹತ್ತಬೇಕು. ಹೋಗು, ಬಣ್ಣ ಹಚ್ಚಿಸ್ಕೊ. ಹಚ್ಚಿದ ಮ್ಯಾಲೆ ದೇವರಿಗೆ ಅಡ್ಡಬೀಳೋತನ ಮಾತಾಡಂಗಿಲ್ಲ. ಹುಲಿಗೆ ಮಾತಿಲ್ಲ."

ಭಾಯಿ ಟಂಟಂ ಕಡೆ ನೋಡಿದ. ಒಳಗೆ ಕೂತ ಮುದುಕಿ ಕಾಲುಗಳನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು, ಇನ್ನೊಬ್ಬರ ವಸ್ತುವನ್ನು ಜೋಪಾನ ಮಾಡುವವಳ ಹಾಗೆ. ಅವನು ಅಂಗಿ ಮಡಚಿ ನನ್ನ ಕೈಗೆ ಕೊಟ್ಟ.

ಬಣ್ಣ ಹಚ್ಚಿದವನು ಅದಿರು ಲಾರಿಗಳ ಹಿಂದೆ ಹೂವು, ಹದ್ದು ಬರೆಯುವ ಪೇಂಟರ್. ಅದೇ ಎಣ್ಣೆ ಬಣ್ಣ, ಅದೇ ಕುಂಚ. ಚಳಿಗಾಲ, ಮೊದಲ ಕುಂಚಕ್ಕೆ ಭಾಯಿ ಹಾರಿಬಿದ್ದ. "ಲಾರಿ ಇಷ್ಟು ಕುಣಿಯಂಗಿಲ್ಲ ನೋಡ್ರಿ," ಎಂದ ಪೇಂಟರ್. ಮೈ, ಮುಖ, ಕತ್ತು ಎಲ್ಲ ಹಳದಿಯಾಯಿತು, ಮೇಲೆ ಪಟ್ಟೆ ಬಂದವು, ತಲೆಗೆ ಕಿವಿಯಿರುವ ಟೊಪ್ಪಿಗೆ, ಸೊಂಟಕ್ಕೆ ಬಾಲ. ಬಣ್ಣ ಒಣಗುವವರೆಗೆ ಕೈಗಳನ್ನು ಎರಡೂ ಕಡೆ ಚಾಚಿ ಬಿಸಿಲಿನಲ್ಲಿ ನಿಲ್ಲಬೇಕು. ಅವನು ನಿಂತ. ಹಿಂದೆ ಕುರುಗೋಡಿನ ಗುಡ್ಡದ ಬಂಡೆಗಳು, ಮೇಲೆ ಬರಿಯ ಆಕಾಶ, ನಡುವೆ ಕೈ ಚಾಚಿ ಮಾತಿಲ್ಲದೆ ನಿಂತವನು. ಆ ನಿಲುವನ್ನು ನಾನು ಕಂಡಿದ್ದೆ, ಒಂದು ಇಡೀ ಪುಟದಲ್ಲಿ. ಪುಟದಲ್ಲಿನ ಆ ಅಂಗಿಗೆ ಹೊಲಿಗೆ ಯಾಕೆ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು: ಅದು ಅಂಗಿಯೇ ಅಲ್ಲ, ಚರ್ಮಕ್ಕೆ ಹತ್ತಿದ ಬಣ್ಣ. ಆ ಹಾರುವ ಮನುಷ್ಯನ ಪರವಾಗಿಯೂ ಯಾರೋ ಏನೋ ಬೇಡಿಕೊಂಡಿರಬೇಕು, ಅವನನ್ನು ಕೇಳದೆ. ಹೇಳೋಣವೆಂದರೆ ಭಾಯಿ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಮಧ್ಯಾಹ್ನ ಹಲಗೆ ಬಡಿದರು. ನಾನು ಟಂಟಂ ಬಳಿ ಹೋಗಿ ಮುದುಕಿಯ ಪಕ್ಕ ನಿಂತೆ. ಅದಿರಿನ ಕಾಲದಲ್ಲಿ ಎಲ್ಲರ ಬೇಡಿಕೆಗಳೂ ಫಲಿಸಿದ್ದವೇನೋ, ಓಣಿಯ ತಿರುವಿನಿಂದ ಹುಲಿಗಳ ಹಿಂಡೇ ಬಂತು. ಕೆಂಧೂಳೆದ್ದಿತು. ಬಿಸಿಲಿಗೆ ಮೈಗಳು ಹೊಳೆದವು. ಒಂದೊಂದಕ್ಕೂ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದೊಬ್ಬ ಹಿಡಿದಿದ್ದ, ಬಿಟ್ಟರೆ ನಿಜವಾಗಿ ಯಾರ ಮೇಲಾದರೂ ಬೀಳಬಹುದು ಎಂಬಂತೆ. ನಿನ್ನೆಯವರೆಗೆ ಅವರು ಕಿರಾಣಿ ಅಂಗಡಿಯವರು, ಲಾರಿ ಡ್ರೈವರುಗಳು. ಇಂದು ಜನ ಅವರಿಗೆ ಕೈ ಮುಗಿಯುತ್ತಿದ್ದರು.

"ಇದರಾಗ ನಮ್ಮ ಹುಡುಗ ಯಾರಪ್ಪ?" ಎಂದಳು ಮುದುಕಿ.

ಹುಡುಕಿದೆ. ಬಣ್ಣ ಹಚ್ಚುವಾಗ ಅವನ ಕೈ ಹಿಡಿದು ನಿಂತವನು ನಾನೇ, ಆದರೂ ಗೊತ್ತಾಗಲಿಲ್ಲ. ಅದಿರಿನ ಭಾಗ್ಯ ಎಲ್ಲ ಹುಲಿಗಳಿಗೂ ಹೊಟ್ಟೆ ಕೊಟ್ಟಿತ್ತು, ಆ ಗುರುತೂ ಇಲ್ಲವಾಗಿತ್ತು.

"ತಿಳಿವಲ್ದಮ್ಮ."

"ನೀ ಎಂಥ ಗೆಣೆಯಪ್ಪ," ಎಂದಳು. ಟಂಟಂ ಕಂಬಿ ಹಿಡಿದಳು, ಇಳಿದಳು, ನಡೆದಳು.

ಅವಳು ಓಲಾಡುತ್ತ ಹೋಗಿ ಮೊದಲ ಹುಲಿಯ ಗದ್ದ ಎತ್ತಿ ಕಣ್ಣು ನೋಡಿದಳು. "ನೀ ಅಲ್ಲ," ಎಂದು ಬಿಟ್ಟು ಮುಂದಿನದಕ್ಕೆ ಹೋದಳು. ಹಲಗೆ ನಿಲ್ಲಲಿಲ್ಲ, ಹಗ್ಗ ಹಿಡಿದವರು ದಾರಿ ಬಿಟ್ಟರು. ಆಗ ಕಂಡೆ: ಎಲ್ಲ ಹುಲಿಗಳೂ ಕುಣಿಯುತ್ತಿದ್ದವು, ಒಂದು ಮಾತ್ರ ಕುಣಿತ ಮರೆತು ನಿಂತಿತ್ತು. ಅದು ಬಾಯಿ ತೆರೆಯಿತು, ನೆನಪಾಗಿ ಮುಚ್ಚಿತು. ಎದುರು ಬರಲು ಒಂದು ಹೆಜ್ಜೆ ಇಟ್ಟಿತು. ಆಮೇಲೆ ಏನು ತಿಳಿಯಿತೋ, ಆ ಹೆಜ್ಜೆ ಹಿಂದೆಗೆಯಿತು. ಅವಳು ಹತ್ತಿರವಾದಷ್ಟೂ ಅದು ಹಿಂದೆ ಹಿಂದೆ ಸರಿಯಿತು, ಕೂಸಿಗೆ ನಡಿಗೆ ಕಲಿಸುವ ತಾಯಿ ಸರಿಯುವ ಹಾಗೆ. ಎಣ್ಣೆ ಬಣ್ಣದ ಮೇಲೆ ಕಣ್ಣೀರು ಅಂಟುವುದಿಲ್ಲ, ಉರುಳಿ ಬಿದ್ದುಬಿಡುತ್ತದೆ. ಇದೂ ನನಗೆ ಅಂದೇ ತಿಳಿದದ್ದು. ನಾನು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಮಕಾನದ ಕಟ್ಟೆ ಬೆನ್ನಿಗೆ ತಾಗಿದಾಗ ಹುಲಿಗೆ ಸರಿಯಲು ಜಾಗ ಉಳಿಯಲಿಲ್ಲ. ಅವಳು ಬಂದು ಗದ್ದ ಎತ್ತಿದಳು, ಅನುಮಾನದಿಂದ ಟೊಪ್ಪಿಗೆ ಸರಿಸಿ ಕಿವಿಯ ಹಿಂದೆ ನೋಡಿದಳು. ಪೇಂಟರ್ ಅಲ್ಲಿ ಬಣ್ಣ ಹಚ್ಚಲು ಮರೆತಿದ್ದ, ಮಗನ ಗುರುತು ಸಿಕ್ಕಿತು. ಆ ಕಿವಿ ಹಿಡಿದುಕೊಂಡೇ ಅವನನ್ನು ದೇವರ ಮುಂದಕ್ಕೆ ನಡೆಸಿಕೊಂಡು ಹೋದಳು. ಅವನು ಕುಣಿದ, ಅಡ್ಡಬಿದ್ದ, ಎದ್ದ. ಬಾಯಿ ಬಂತು.

"ಅಮ್ಮ, ಕಾಲು?"

ಅವಳು ಕೆಳಗೆ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಮುಜಾವರರ ಕಡೆ ತಿರುಗಿ, "ತೀರ್ತೇನ್ರಿ?" ಎಂದಳು.

"ತೀರ್ತಬೇ."

ಸಂಜೆ ಅವಳ ತವರಿನ ಅಂಗಳದಲ್ಲಿ ಅವಳೇ ಓಡಾಡಿ ಸೀಮೆಎಣ್ಣೆ ಹುಡುಕಿ ತಂದು, ನಿಂತುಕೊಂಡೇ ಮಗನ ಬೆನ್ನು ಉಜ್ಜುತ್ತಿದ್ದಳು. ಉಜ್ಜಲು ಬೇರೆ ಬಟ್ಟೆ ಸಿಗದೆ ಆ ಮಖಮಲ್ಲಿನ ಅಂಗಿಯನ್ನೇ ಹಿಡಿದಿದ್ದಳು. ಭಾಯಿ ನನ್ನ ಕಡೆ ನೋಡಲಿಲ್ಲ. ತಾಯಿ ಗುರುತು ಹಿಡಿದೇ ಹಿಡಿಯುತ್ತಾಳೆ ಎಂಬ ಅವನ ಮಹಾಸಿದ್ಧಾಂತ ಊರೆಲ್ಲರ ಎದುರು ಸೋತಿತ್ತು.

"ಅಷ್ಟು ಹುಲಿ ಗದ್ದ ಹಿಡಿದಿ, ನನ್ನ ಗುರುತು ಸಿಗಲಿಲ್ಲೇನಮ್ಮ?" ಎಂದ ಕೊನೆಗೆ.

ಅವಳು ಅಂಗಿಯನ್ನು ಹಿಂಡಿ ಇನ್ನೊಂದು ಮಗ್ಗುಲಿಗೆ ತಿರುವಿದಳು.

"ಸಿಕ್ಕಿದ್ರ ಕುಂತಲ್ಲೇ ಕುಂತಿರತಿದ್ನಲ್ಲೋ. ಬಗ್ಗು, ಕುತ್ತಿಗಿ ಉಳದೈತಿ."