ಸಮುದ್ರದ ಮೇಲೆ ಹೋಗಿದ್ದ ಅಪ್ಪನ ವಿಮಾನ

ಅಪ್ಪ ಚಳ್ಳಕೆರೆ–ಬಳ್ಳಾರಿ ದಾರಿಯಲ್ಲಿ ಬಸ್ಸು ಓಡಿಸಿದವನು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅವನಿಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ. ಮಾತು ಬೇಗ ಮರಳಿತು, ಕೋಲು ಹಿಡಿದು ನಡೆಯುವಂತೆಯೂ ಆದ. ಎಡಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಡಾಕ್ಟರು ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾ ಹಿಸುಕಬೇಕು ಎಂದಿದ್ದರು. ಅಪ್ಪ ಒಂದೆರಡು ದಿನ ಹಿಸುಕಿ, “ಇದೇನು ಹುಡುಗ್ರಾಟ” ಎಂದು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ.

ಆಗ ನಾನು ಮೊಳಕಾಲ್ಮೂರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಚಳ್ಳಕೆರೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು, ನಮ್ಮ ಮನೆಗೂ ಕಂಪ್ಯೂಟರ್ ಬಂದಿತ್ತು. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು. ಅಪ್ಪನ ವಿಷಯ ಕೇಳಿ ಅವರು ಆ ಆಟದ ಸಿ.ಡಿ.ಯನ್ನೂ ತಮ್ಮ ಹಳೆಯ ಜಾಯ್‌ಸ್ಟಿಕ್ಕನ್ನೂ ತಂದುಕೊಟ್ಟರು. “ಡ್ರೈವರ್ ಕೈ ಚೆಂಡು ಹಿಸುಕಲ್ಲ ಮೇಡಂ. ಇದನ್ನ ಹಿಡೀತಾರೇನೋ ನೋಡ್ರಿ,” ಎಂದರು.

ಹಿಡಿದ. ಮೊದಮೊದಲು ವಿಮಾನ ಏಳುತ್ತಲೇ ನೆಲಕ್ಕೆ ಬೀಳುತ್ತಿತ್ತು, ಅಪ್ಪ ಅದನ್ನು ಬೈದುಕೊಂಡು ಮತ್ತೆ ಶುರುಮಾಡುತ್ತಿದ್ದ. ಬರಬರುತ್ತ ಎಡಗೈಯ ಬೆರಳುಗಳು ಹಿಡಿಯ ಸುತ್ತ ತಾವಾಗಿಯೇ ಮಡಚಿಕೊಳ್ಳತೊಡಗಿದವು. ಬೆಂಗಳೂರಿನಲ್ಲಿ ಏರಿ ಬಳ್ಳಾರಿಯಲ್ಲಿ ಇಳಿಯಬೇಕೆಂಬುದು ಅವನ ಆಸೆ. ಆದರೆ ಆ ಆಟದಲ್ಲಿ ನಮ್ಮ ಕಡೆಯ ನೆಲವೆಲ್ಲ ಒಂದೇ ಸಮನೆ ಕಂದು ಬಣ್ಣ, ಊರಿಲ್ಲ, ರಸ್ತೆಯಿಲ್ಲ.

“ಬೋರ್ಡಿಲ್ಲ, ಮೈಲಿಗಲ್ಲಿಲ್ಲ. ಎಲ್ಲಿದೀನಿ ಅಂತ ಹೆಂಗೆ ಗೊತ್ತಾಗ್ಬೇಕವ್ವ?” ಎಂದು ಗೊಣಗುತ್ತಿದ್ದ.

ಅದಕ್ಕೂ ಮೇಷ್ಟ್ರ ಬಳಿ ಮದ್ದಿತ್ತು. ಜಿಪಿಎಸ್ಸಿನ ಇನ್ನೊಂದು ಸಿ.ಡಿ. ಕೊಟ್ಟರು. ಅದನ್ನು ಆಟದ ಜೊತೆಗೆ ಹಾಕಿಕೊಂಡರೆ ಪರದೆಯ ಮೂಲೆಯಲ್ಲಿ ಪುಟ್ಟ ನಕ್ಷೆ ಬರುತ್ತದೆ. ವಿಮಾನ ಎಲ್ಲಿದೆ, ಬಳ್ಳಾರಿ ಇನ್ನೆಷ್ಟು ದೂರ, ಎಲ್ಲ ತೋರಿಸುತ್ತದೆ. ಮನೆಗೆ ಬಂದವಳೇ ಹಾಕಿದೆ. ಅಪ್ಪ ಕುರ್ಚಿ ಎಳೆದುಕೊಂಡು ಕೂತು ಬೆಂಗಳೂರಿನಿಂದ ವಿಮಾನ ಏರಿಸಿದ. ನಕ್ಷೆಯೂ ತೆರೆದುಕೊಂಡಿತು. ಆದರೆ ಅದರ ತುಂಬ ಬರೀ ನೀಲಿ. ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ. ಲೆಕ್ಕದ ಪ್ರಕಾರ ಅಪ್ಪ ಆಫ್ರಿಕಾದ ಆಚೆ ನಡುಸಮುದ್ರದಲ್ಲಿದ್ದ.

ನನಗೆ ನಗು ಬಂತು. ಅಪ್ಪ ನಗಲಿಲ್ಲ. ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದ.

“ನಾನೇ ಎಲ್ಲೋ ದಾರಿ ತಪ್ಪಿಸ್ದೆ ಕಣವ್ವ.”

“ನೀನಲ್ಲಪ್ಪ, ಪ್ರೋಗ್ರಾಮು ತಪ್ಪು ತೋರಿಸ್ತೈತೆ.”

“ಮಿಷಿನ್ನು ಯಾಕೆ ಸುಳ್ಳು ಹೇಳುತ್ತೆ? ಬಿಡು.”

ಅವನು ಹಾಗೆ ಅಂದದ್ದು ಯಾಕೆಂದು ನನಗೆ ಗೊತ್ತಿತ್ತು. ಅದಕ್ಕೆ ಕೆಲವು ವಾರ ಹಿಂದೆ ಈರುಳ್ಳಿ ತರಲು ಸಂತೆಗೆ ಹೋದವನು ಬಸ್ ಸ್ಟ್ಯಾಂಡಿನ ಹತ್ತಿರ ಮನೆಯ ದಾರಿ ತೋಚದೆ ನಿಂತುಬಿಟ್ಟಿದ್ದ. ಗುರುತಿನವರೊಬ್ಬರು ಸ್ಕೂಟರಿನಲ್ಲಿ ಕರೆತಂದು ಬಿಟ್ಟಿದ್ದರು. ಡಾಕ್ಟರು ಬಿಸಿಲಿಗೆ, ಸುಸ್ತಿಗೆ ಹಾಗಾಗಿರಬಹುದು ಎಂದಿದ್ದರು. ಅಪ್ಪ ಮಾತ್ರ ತನ್ನ ತಲೆ ಕೆಟ್ಟಿತೆಂದೇ ತಿಳಿದಿದ್ದ. ಈಗ ಕಂಪ್ಯೂಟರು ಅದಕ್ಕೆ ಸಾಕ್ಷಿ ಹೇಳಿದ ಹಾಗಾಯಿತು. ಮಾರನೆಯ ದಿನ ಅವನು ವಿಮಾನದ ಹತ್ತಿರ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಅವ್ವ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, “ಆ ಕೈ ಮತ್ತೆ ಜೋತು ಬೀಳ್ತದೆ. ಏನಾದ್ರೂ ಮಾಡೇ,” ಎಂದಳು.

ಮಾಡದೆ ಇರಲಿಲ್ಲ. ಸಿ.ಡಿ. ಒರೆಸಿ ಮತ್ತೆ ಹಾಕಿದೆ. ಜಿಪಿಎಸ್ಸನ್ನು ಪೂರ್ತಿ ಕಿತ್ತುಹಾಕಿ ಹೊಸದಾಗಿ ತುಂಬಿದೆ. ಆಟವನ್ನೇ ತೆಗೆದು ಮತ್ತೆ ಹಾಕಿದೆ. ಪ್ರತಿ ಸಲವೂ ಅದೇ ನೀಲಿ, ಅದೇ ಸೊನ್ನೆ. ಮೇಷ್ಟ್ರನ್ನು ಕೇಳಿದರೆ, “ನಮ್ಮನೇಲಿ ಚೆನ್ನಾಗೇ ಓಡ್ತೈತಲ್ಲ! ಭಾನುವಾರ ತಂದೇರ್ನೂ ಕರ್ಕೊಂಡು ಬರ್ರಿ, ನೋಡೇಬಿಡಾಣ,” ಎಂದರು.

ಲಕ್ವ ಹೊಡೆದ ಮೇಲೆ ಅಪ್ಪ ಬಸ್ಸು ಹತ್ತಿದ್ದು ಅದೇ ಮೊದಲು. ಡ್ರೈವರ್ ಅವನ ಕೈಕೆಳಗೆ ಕಲಿತವನು. “ಬರ್ರಿ ಅಣ್ಣ, ಇಲ್ಲಿ ಕೂರ್ರಿ,” ಎಂದು ತನ್ನ ಹಿಂದಿನ ಸೀಟು ಖಾಲಿ ಮಾಡಿಸಿಕೊಟ್ಟ. ಅಪ್ಪ ತಳುಕು ದಾಟುವವರೆಗೂ ಅವನ ಸ್ಟೀರಿಂಗನ್ನೇ ನೋಡುತ್ತಿದ್ದ. ಕೊಂಡ್ಲಹಳ್ಳಿಯ ಕಡೆ ಬಂದಾಗ ನನ್ನ ಕಿವಿಯ ಹತ್ತಿರ ಬಗ್ಗಿ, “ಅಲ್ಲಿ ನನಗೇನೂ ಬರ್ದೇ ಹೋದ್ರೆ ನಗಬ್ಯಾಡ,” ಎಂದ. ನಾನು ಅವನ ಎಡಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಮೇಷ್ಟ್ರ ಮನೆ ಮಗ್ಗದ ಕೇರಿಯಲ್ಲಿ. ಪಕ್ಕದ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಅವರ ತಾಯಿ ತೆಲುಗಿನಲ್ಲಿ “ಕೂಚೋಂಡಿ, ಕೂಚೋಂಡಿ” ಎಂದು ಚಾಪೆ ತೋರಿಸಿ ಮಜ್ಜಿಗೆ ಕೊಟ್ಟರು. ಮೇಷ್ಟ್ರು ಅಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, “ನಿಮ್ಮ ಮನೇಲಿ ಹೆಂಗೆ ಹಾರಿಸ್ತಿದ್ರೋ ಹಂಗೇ ಹಾರಿಸ್ರಿ. ನಾವು ಬಾಯಿ ಹಾಕಲ್ಲ,” ಎಂದರು.

ಅಪ್ಪ ಹೆದರುತ್ತಲೇ ಏರಿಸಿದ. ಜಿಪಿಎಸ್ಸಿನ ನಕ್ಷೆ ತೆರೆಯಿತು. ನೀಲಿಯಿಲ್ಲ! ಬೆಂಗಳೂರು ಇತ್ತು, ಮೇಲುಗಡೆ ಬಳ್ಳಾರಿ ಇತ್ತು, ಎರಡರ ನಡುವೆ ಗೆರೆ, ಗೆರೆಯ ಮೇಲೆ ಪುಟ್ಟ ವಿಮಾನ. ಅಪ್ಪ ಗೆರೆ ಬಿಡದೆ ಹಾರಿಸುತ್ತ ಹೋದ. ಅರ್ಧ ದಾರಿ ದಾಟಿದ ಮೇಲೆ ಉಳಿದ ದೂರ ನೋಡಿ, “ಇದು ಪರಶುರಾಂಪುರದ ಆಸುಪಾಸು ಇರ್ಬೇಕಲ್ರೀ ಸಾರ್?” ಎಂದ. ಮೇಷ್ಟ್ರು ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿ, “ಅಲ್ಲೇ ಇದೀರ,” ಎಂದರು.

ಅಪ್ಪ ನನ್ನ ಕಡೆ ತಿರುಗಿದ. “ಹಂಗಾದ್ರೆ ನನ್ನ ತಲೆ ನೆಟ್ಟಗೈತೆ!”

“ಐತಪ್ಪ,” ಎಂದೆ. ಅಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಅವನ ತಲೆಯ ಬಗ್ಗೆ ನನಗೂ ಒಳಗೊಳಗೇ ಭಯವಿತ್ತೆಂದು ತಿಳಿದದ್ದೇ ಆಗ.

ಸಿ.ಡಿ.ಯಲ್ಲಿ ದೋಷವಿಲ್ಲ ಎಂದಾಯಿತು. ಹಾಗಾದರೆ ನಮ್ಮ ಕಂಪ್ಯೂಟರಿನಲ್ಲಿ ಬೇರೆ ಏನಿದೆ? ಮೇಷ್ಟ್ರು ಜಿಪಿಎಸ್ಸಿನ ಸೆಟ್ಟಿಂಗ್ ತೆರೆದು ಒಂದೊಂದೇ ತೋರಿಸುತ್ತ ಹೋದರು. ನಕ್ಷೆಯ ಮಾಹಿತಿ ಯಾವ ಫೋಲ್ಡರಿನಲ್ಲಿದೆ ಎನ್ನುವ ಕಡೆ ಅವರಲ್ಲಿ ಇಂಗ್ಲಿಷ್ ಹೆಸರಿತ್ತು. ನಮ್ಮ ಮನೆಯಲ್ಲಿ ಅದೇ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಿದ್ದದ್ದು ಆಗ ನೆನಪಾಯಿತು. ಆ ದಿನಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಹಾಗೆ ಕಾಣುವುದು ಮಾಮೂಲಿ, ಅದಕ್ಕೇ ನಾನದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

“ಫೋಲ್ಡರಿಗೆ ಏನಂತ ಹೆಸರಿಟ್ಟಿದೀರಿ ಮೇಡಂ?”

“ಅಪ್ಪನ ವಿಮಾನ ಅಂತ. ಕನ್ನಡದಲ್ಲಿ.”

ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವನೇ ಹುಡುಕಿ ತೆರೆದುಕೊಳ್ಳಲಿ ಎಂದು, ಪ್ರತಿ ಸಲ ಪ್ರೋಗ್ರಾಮು ಹಾಕಿದ ಕೂಡಲೇ ಆಟವೂ ನಕ್ಷೆಯೂ ಇದ್ದ ಫೋಲ್ಡರಿನ ಹೆಸರು ಬದಲಿಸಿಬಿಡುತ್ತಿದ್ದೆ. ಪ್ರೋಗ್ರಾಮಿಗೋ ಕನ್ನಡ ಬರುತ್ತಿರಲಿಲ್ಲ. ತನ್ನ ನಕ್ಷೆ ತನಗೇ ಸಿಕ್ಕದೆ ಸೊನ್ನೆ ತೋರಿಸುತ್ತಿತ್ತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನಿಗೆ ಬಿಡಿಸಿ ಹೇಳಿದ ಮೇಲೆ ಅವನೂ ನಕ್ಕ. “ಓದೋಕೆ ಬರ್ದೆ ಒದ್ದಾಡ್ತಿದ್ದದ್ದು ಮಿಷಿನ್ನು, ನಾನಲ್ಲ!” ಎಂದ.

ಮನೆಗೆ ಬಂದು ಫೋಲ್ಡರಿಗೆ ಇಂಗ್ಲಿಷ್ ಹೆಸರು ಕೊಟ್ಟೆ. ಅಪ್ಪ ಒತ್ತಲೆಂದು ಪರದೆಯ ಮೇಲೆ ವಿಮಾನದ ಚಿತ್ರವೊಂದನ್ನು ಇಟ್ಟೆ. ಅವನು ಕೈಕಾಲು ತೊಳೆದು ಬಂದು ಅದನ್ನು ಒತ್ತಿದ. ನಕ್ಷೆ ಬಂತು, ಬಳ್ಳಾರಿಯೂ ಬಂತು. ಆ ಸಂಜೆ ಮೊದಲ ಸಲ ಅಲ್ಲಿನ ರನ್‌ವೇ ಕಣ್ಣಿಗೆ ಬಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದವಳು, ನೆಲ ಹತ್ತಿರವಾಗುತ್ತಿದ್ದಂತೆ ಹೆದರಿ ಬಾಗಿಲ ಕಡೆ ತಿರುಗಿಕೊಂಡಳು. ವಿಮಾನ ಒಮ್ಮೆ ಪುಟಿದು, ಅಡ್ಡಕ್ಕೆ ವಾಲಿ, ರನ್‌ವೇ ಬಿಟ್ಟು ಪಕ್ಕದ ಮಣ್ಣಿಗೆ ಹೋಗಿ ನಿಂತಿತು.

“ಇಳೀತೇನ್ರೀ?” ಎಂದಳು, ತಿರುಗದೆಯೇ.

“ಇಳಿಸಿದೀನಿ ಬಾ,” ಎಂದ ಅಪ್ಪ. “ಒಂದೀಟು ಪಕ್ಕಕ್ಕೆ.”